ಫರಸಿ ಕಿತ್ತ ವರ್ಷ

ಹೋದ ತಿಂಗಳು ಸೂಪರ್ ಮಾರ್ಕೆಟ್‌ನಿಂದ ನಡೆದು ಬರುವಾಗ ಒಂದು ಹಳೆಯ ಮನೆಯ ಮುಂದೆ ನನ್ನ ಕಾಲುಗಳು ತಾವಾಗಿಯೇ ನಿಂತವು. ಇಬ್ಬರು ಆಳುಗಳು ಅಂಗಳದ ಶಹಾಬಾದ್ ಫರಸಿಗಳನ್ನು ಹಾರೆ ಹಾಕಿ ಎಬ್ಬಿಸುತ್ತಿದ್ದರು. ಒಂದು ಕಲ್ಲು ಮಗ್ಗುಲಾಯಿತು, ಅದರ ಕೆಳಗಿನ ಎರೆ ಮಣ್ಣಿನ ವಾಸನೆ ಮೂಗಿಗೆ ಹೊಡೆಯಿತು. ಮೊದಲ ಮಳೆಗೆ ಏಳುವ ಘಮಕ್ಕೂ ಇದಕ್ಕೂ ಸಂಬಂಧವಿಲ್ಲ. ವರ್ಷಾನುಗಟ್ಟಲೆ ಬಿಸಿಲು ಕಾಣದ ಮಣ್ಣು, ನೆಲದಡಿ ಬಹುದಿನ ಮುಚ್ಚಿಟ್ಟ ಜೋಳದ ಹಗೇವಿನ ಬಾಯಿ ತೆರೆದಂತೆ ಮುಗ್ಗಲು ವಾಸನೆ.

ಮನೆಯ ಹೊಸ ಯಜಮಾನರು ನಗುತ್ತ ಹೊರಗೆ ಬಂದರು. "ಗಾರ್ಡನ್ ಮಾಡಸ್ಲಾಕತ್ತೀವ್ರಿ ಅಮ್ಮಾರ. ಮನಿ ಹಳೇ ಕಾಲದ್ದು, ಅದರ ಚೆಂದ ಕೆಡಬಾರದು, ಅಂಗಳ ಅಷ್ಟು ಹೊಸದಾಗಬೇಕು ಅಂತ" ಎಂದರು. ಯಾರೋ ಏನು ಕಥೆಯೋ, ನಾನು ನಮಸ್ಕಾರವನ್ನೂ ಹೇಳದೆ, "ಗ್ವಾಡಿಯಿಂದ ಎಷ್ಟು ದೂರ ಅಗದೀರಿ?" ಎಂದು ಕೇಳಿಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂಬ ಅನುಮಾನ ಆ ನೋಟದಲ್ಲಿತ್ತು. ತಪ್ಪು ಅವರದಲ್ಲ. ನಾವೂ ಒಂದು ವರ್ಷ ಹಾಗೇ ನಗುತ್ತ ನಿಂತಿದ್ದೆವು.

ನಮ್ಮ ಮನೆ ಇದ್ದದ್ದು ಸ್ಟೇಷನ್ ರಸ್ತೆಯ ಹಿಂಬದಿಯಲ್ಲಿ. ರಾಜ್ಯ ಒಂದಾದ ಹೊಸದರಲ್ಲಿ ನನ್ನ ಮಾವ ಶಿವಶರಣಪ್ಪನವರು ಕಟ್ಟಿಸಿದ ಮನೆ. ಆಗ ಕಲಬುರಗಿಯಲ್ಲಿ ನೌಕರಿ ಇದ್ದವರಿಗೆಲ್ಲ ಅಂಥ ಮನೆಯ ಹುಚ್ಚು ಹತ್ತಿತ್ತಂತೆ. ಮುಂದೆ ಅರ್ಧಚಂದ್ರದಂತೆ ಬಾಗಿದ ವರಾಂಡ, ಅದರ ಸುತ್ತ ಗೆರೆ ಎಳೆದ ಸಿಮೆಂಟಿನ ಗಿಡ್ಡ ಗೋಡೆ, ವರಾಂಡಕ್ಕೂ ಕಿಟಕಿಗಳಿಗೂ ನೆತ್ತಿಯ ಮೇಲೆ ಉದ್ದಕ್ಕೆ ಚಾಚಿದ ಛಜ್ಜಾ, ಬಾಗಿಲಿನ ಮೇಲೆ ಬಣ್ಣದ ಗಾಜು. ಮನೆಯ ಹಣೆಗೆ ಸಿಮೆಂಟಿನ ಅಕ್ಷರದಲ್ಲಿ 'ನೀಲಾಂಬಿಕಾ ನಿಲಯ'. ನನ್ನ ಅತ್ತೆಯ ಹೆಸರು ನೀಲಮ್ಮ. ಆ ಹೆಸರು ಹೆಂಡತಿಯದೋ ಶರಣೆಯದೋ ಎಂದು ಮಾವನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರೂ ಹೇಳಲಿಲ್ಲ.

ಮನೆಯ ಸುತ್ತಲೂ ಫರಸಿ. ಮುಂದೆ ಗೇಟಿನ ಕಡೆಗೆ, ಎಡಬಲಕ್ಕೆ, ಹಿಂದೆ ಬಚ್ಚಲಿನವರೆಗೆ, ಒಡಕು ಹಂಚು ಒಗೆಯುವ ಗೇಟಿನ ಮೂಲೆಯೊಂದು ಬಿಟ್ಟರೆ, ಬರೀ ಕಲ್ಲು. ಏಪ್ರಿಲ್ ಬಿಸಿಲಿಗೆ ಅದರ ಮೇಲೆ ಹಪ್ಪಳ ಹರವಿದರೆ ಅರ್ಧ ಬೆಂದೇ ಒಳಗೆ ಬರುತ್ತಿದ್ದವು. ಸಂಜೆಯಾದರೂ ಕಲ್ಲು ಉಗುಳುವ ಝಳಕ್ಕೆ ಕಿಟಕಿ ತೆಗೆಯುವಂತಿರಲಿಲ್ಲ. ಆ ಅಂಗಳಕ್ಕೆ ಒಂದು ಕಾಯಿದೆ ಇತ್ತು: ಗೋಡೆಯ ಹತ್ತಿರ ನೀರು ಬೀಳಬಾರದು. ಥಳಿ ನೀರು ಹೊಡೆದು ರಂಗೋಲಿ ಹಾಕುವುದು ಗೇಟಿನ ಆಚೆ. ಬಚ್ಚಲ ನೀರು ಕಲ್ಲಿನ ಗಟಾರದಲ್ಲಿ ಹರಿದು ನೇರ ರಸ್ತೆಗೆ. ಕುಂಡದಲ್ಲಿ ಒಂದು ಮಲ್ಲಿಗೆ ಇಡುವುದಕ್ಕೂ ಅಪ್ಪಣೆ ಇಲ್ಲ. ರವಿವಾರ ಬಂತೆಂದರೆ ಮಾವ ಬಡಿಗೆ ಹಿಡಿದು ಫರಸಿಯ ಸಂದುಗಳನ್ನು ಕೆದಕುತ್ತ ಮನೆಯನ್ನು ಸುತ್ತು ಹಾಕುತ್ತಿದ್ದರು. ಎಲ್ಲಿಯಾದರೂ ಬಾಯಿ ಬಿಟ್ಟಿದ್ದರೆ ತಾವೇ ಸುಣ್ಣ ಗಾರೆ ಕಲಸಿ ತುಂಬುತ್ತಿದ್ದರು. ಯಾಕೆ ಎಂದು ಕೇಳಿದರೆ ಉತ್ತರ ಒಂದೇ: "ಹೇಳೀದಷ್ಟು ಕೇಳ್ರಿ." ನಾನು ಟೀಚರ್, ಯಾಕೆಂದು ಹೇಳದೆ ಹುಡುಗರ ಲೆಕ್ಕಕ್ಕೆ ತಪ್ಪು ಹಾಕಿದವಳಲ್ಲ. ಈ ಮನುಷ್ಯನ ಜೊತೆ ಅತ್ತೆ ಹೇಗೆ ಬಾಳಿದರೋ ಎಂದು ನನಗೆ ದಿನಾ ಆಶ್ಚರ್ಯ.

ಅತ್ತೆ ಕಮಲಾಪುರದವರು. ಅಲ್ಲಿಯ ಕೆಂಪು ಬಾಳೆ ಗೊತ್ತಲ್ಲ, ಅದರ ತೋಟದ ಮನೆತನ. ಮನೆಯ ಪ್ರವೇಶಕ್ಕೆ ತವರಿನವರು ಆಯಾರದ ಬಟ್ಟೆಬರೆಯ ಜೊತೆಗೆ ಬಾಳೆ ಕಂದು ಒಂದನ್ನು ತಂದಿದ್ದರಂತೆ. ಹೊಸ ಸೊಸೆ, ಹೊಸ ಮನೆ. ಅತ್ತೆ ಖುಷಿಯಿಂದ ಅದನ್ನು ಇನ್ನೂ ಫರಸಿ ಹಾಸಿರದ ಬಚ್ಚಲ ಗೋಡೆಯ ಮಗ್ಗುಲಿಗೆ ಹಚ್ಚಿದರು. ಕಮಲಾಪುರದಲ್ಲಿ ಬಚ್ಚಲ ನೀರು ಬಾಳೆಗಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಮಾವ ಬಂದು ನೋಡಿದರು. ಬೀಗರೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗಲೇ ಆ ಕಂದನ್ನು ಕಿತ್ತು ಗೋಡೆಯಾಚೆ ಒಗೆದರು. "ಇದು ಬಂಗ್ಲಾ ಅದ, ನಿಮ್ಮೂರ ತ್ವಾಟಲ್ಲ" ಎಂದರು.

ಈ ಕಥೆಯನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದರೋ. ಜೋಳ ಹಸನು ಮಾಡುವಾಗ, ಶೇಂಗಾ ಸುಲಿಯುವಾಗ, ತಲೆ ಬಾಚಿಕೊಳ್ಳುವಾಗ. ಹೇಳಿ ಕೊನೆಗೆ, "ನಮ್ಮಪ್ಪ ಹೋಳಿಗಿ ತಾಟು ಬಿಟ್ಟು ಎದ್ದ ನೋಡವ್ವಾ" ಎನ್ನುತ್ತಿದ್ದರು. ಗಂಡನ ಎದುರು ಮಾತ್ರ ಒಂದು ಮಾತಿಲ್ಲ. ಅಂದಿನಿಂದ ಅವರು ಆ ಅಂಗಳದಲ್ಲಿ ಒಂದು ಗರಿಕೆಯನ್ನೂ ಕೇಳಲಿಲ್ಲ. ಕಲ್ಲು ಕಸಗುಡಿಸಿದರು, ಕಲ್ಲು ಒರೆಸಿದರು, ಮೂವತ್ತು ವರ್ಷ ಒಳಗೊಳಗೇ ಕುದಿದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಎಳ್ಳಮಾಸಿ ಹಬ್ಬ ಮುಗಿಸಿಕೊಂಡು ಹೊಲದಿಂದ ಬಂದ ಮಾವನಿಗೆ ಮರುದಿನ ಬೆಳಿಗ್ಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಕಣ್ಣು ಚುರುಕಾಗಿತ್ತು, ಬುದ್ಧಿ ಚುರುಕಾಗಿತ್ತು, ತಲೆ ಆಡಿಸಿ ಹೌದು ಅಲ್ಲ ಹೇಳುತ್ತಿದ್ದರು, ಅಷ್ಟೇ. ಇಡೀ ಮನೆಯನ್ನು ಎರಡು ಶಬ್ದದಲ್ಲಿ ಆಳಿದ ಮನುಷ್ಯ ಕುರ್ಚಿಯಲ್ಲಿ ಹೀಗೆ ಕುಸಿದು ಕೂತದ್ದು ನೋಡಿ ನಮಗೆಲ್ಲ ದಿಕ್ಕು ತೋಚಲಿಲ್ಲ. ಅತ್ತೆ ಮಾತ್ರ ತೋಚದೆ ಕೂರುವ ಹೆಂಗಸಲ್ಲ. ತೊಳೆಯುವುದು, ಬಳಿಯುವುದು, ತಿನಿಸುವುದು ಎಲ್ಲವನ್ನೂ ತಾವೇ ಹಿಡಿದರು, ಯಾರಿಗೂ ಬಿಟ್ಟುಕೊಡಲಿಲ್ಲ.

ಆ ವರ್ಷದ ಬೇಸಿಗೆ ಕಲಬುರಗಿಗೂ ಹೆಚ್ಚೆನಿಸುವಂತಿತ್ತು. ವರಾಂಡದಲ್ಲಿ ಕೂರಿಸಿದರೆ ಕಲ್ಲಿನ ಝಳ, ಒಳಗೆ ಕೂರಿಸಿದರೆ ಉಸಿರುಗಟ್ಟುವ ಸೆಕೆ. ಮಾವನ ಮೈಮೇಲೆ ಬೊಬ್ಬೆಗಳೆದ್ದವು. ಡಾಕ್ಟರು ತಂಪಿನಲ್ಲಿಡಿ ಎಂದರು. ಎಲ್ಲಿಂದ ತರೋಣ ತಂಪು? ಯುಗಾದಿ ಆದ ಮರುದಿನ ಅತ್ತೆ ಮಗನ ಮುಂದೆ ಚಹಾ ಇಡುತ್ತ ಹೇಳಿಯೇಬಿಟ್ಟರು.

"ರಾಜಣ್ಣ, ಈ ಫರಸಿ ತೆಗಸು. ನಾಕು ಬಾಳಿ ಹಚ್ತೀನಿ. ನಿಮ್ಮಪ್ಪಗ ನೆಳ್ಳಾಗ್ತದ."

ನಮ್ಮವರು ಚಹಾದ ಕಪ್ಪು-ಬಸಿಯನ್ನು ಕೆಳಗಿಟ್ಟರು. "ಅಪ್ಪ ಏನಂತಾನವ್ವಾ?"

"ಅಂದದ್ದು ಸಾಕಾಗ್ಯಾದ. ಈಗ ನಾ ಅಂತೀನಿ."

ನಾನು ಒಳಗಿನಿಂದ ಕೇಳಿ ಬೆರಗಾದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯ ಕಾಲ ಹಾಗಿರಲಿ, ಅತ್ತೆಯ ಕಾಲ ಆ ದಿನ ಬಂತು.

ನಮ್ಮವರು, ಅಂದರೆ ರಾಜಶೇಖರ, ಕಾಲೇಜಿನಲ್ಲಿ ಇತಿಹಾಸ ಹೇಳುವವರು. ಹಳೆಯದರ ಮೇಲೆ ಕೈ ಇಡುವುದೆಂದರೆ ಅವರಿಗೆ ಎಲ್ಲಿಲ್ಲದ ಅಂಜಿಕೆ. "ಮಾಡೋಣ. ಖರೇ ಮನಿ ಗುಣ ಕೆಡಬಾರದು" ಎಂದು ಹಟ ಹಿಡಿದು ಕಾಗದದ ಮೇಲೆ ಗೆರೆ ಎಳೆಯಲು ಕೂತರು. ಗೇಟಿನಿಂದ ಮೆಟ್ಟಿಲಿನವರೆಗಿನ ಫರಸಿ ದಾರಿ ಹಾಗೇ ಇರಬೇಕು. ಸಿಮೆಂಟಿನ ಗಿಡ್ಡ ಗೋಡೆ ಹಾಗೇ ಇರಬೇಕು. ಕಿತ್ತ ಕಲ್ಲು ಒಂದೂ ಹೊರಗೆ ಹೋಗಬಾರದು, ಗಿಡದ ಮಡಿಗಳ ಅಂಚಿಗೆ ಅವನ್ನೇ ನಿಲ್ಲಿಸಬೇಕು. ವರಾಂಡ ಅರ್ಧಚಂದ್ರ ಇದೆಯಲ್ಲ, ಬಾಳೆಯ ಮಡಿಯೂ ಅದೇ ಬಾಗಿಗೆ, ಗೋಡೆಗೆ ಒತ್ತಿಕೊಂಡು, ಅರ್ಧಚಂದ್ರವೇ ಆಗಬೇಕು. ಕಾಗದದ ಮೇಲೆ ಅದೆಷ್ಟು ಚೆಂದ ಕಂಡಿತೆಂದರೆ ನಾನು ಎರಡು ಸಲ ನೋಡಿದೆ. ಮನೆಯ ಮುಖಕ್ಕೆ ಕುಂಕುಮ ಇಟ್ಟಂತೆ ಒಪ್ಪುತ್ತದೆ ಎಂದೆ. ಯಾರಿಗೂ ಒಂದಿಷ್ಟೂ ಅಳುಕು ಬರಲಿಲ್ಲ.

ಗೌಂಡಿಯನ್ನು ಕರೆಸಲಿಲ್ಲ, ಕಟ್ಟುವ ಕೆಲಸವಿಲ್ಲವಲ್ಲ. ಇಬ್ಬರು ಆಳುಗಳು ಹಾರೆ ತಂದರು. ಮೊದಲ ಫರಸಿ ಕದಲಿದಾಗ ವರಾಂಡದಿಂದ ಎಂಥದೋ ಸದ್ದು ಬಂತು. ಮಾವ ಎಡಗೈಯಲ್ಲಿ ಬಡಿಗೆ ಹಿಡಿದು ಪಕ್ಕದ ಗೋಡೆಯ ಬುಡಕ್ಕೆ ಬಡಿಯುತ್ತಿದ್ದರು. ಗಂಟಲಿನಿಂದ ದನಿ ಬರುತ್ತಿತ್ತು, ಮಾತಾಗುತ್ತಿರಲಿಲ್ಲ. ಮುಖ ಕೆಂಪಗಾಗಿ ಕುತ್ತಿಗೆಯ ನರ ಉಬ್ಬಿದ್ದವು. ಆಳುಗಳು ಹಾರೆ ಹಿಡಿದುಕೊಂಡೇ ನಿಂತುಬಿಟ್ಟರು.

ನಮ್ಮವರು ಓಡಿಹೋಗಿ ಮೊಣಕಾಲೂರಿ ಕೂತರು. "ಅಪ್ಪಾ, ಕೀಳೋದು ಬ್ಯಾಡೇನು?" ಮಾವ ಜೋರಾಗಿ ತಲೆ ಆಡಿಸಿದರು. ಬೇಡ ಎಂಬುದು ನಮಗೆ ತಿಳಿಯಿತು. ಯಾಕೆ ಬೇಡ ಎಂಬುದು ತಿಳಿಯಲಿಲ್ಲ. ಮಾತು ಇದ್ದಾಗಲೂ ಅದನ್ನು ಅವರು ಹೇಳಿದವರಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಮುಖ ನೋಡಿದೆ. ಅವರು ಸೋಲುತ್ತಾರೆ ಎಂದುಕೊಂಡೆ. ಅವರು ಸೆರಗು ಸೊಂಟಕ್ಕೆ ಸಿಗಿಸಿ ಅಂಗಳಕ್ಕೆ ಇಳಿದು, "ಯಾಕ ನಿಂತ್ರಿ? ಕೀಳ್ರಿ!" ಎಂದು ಆಳುಗಳಿಗೆ ಗದರಿದರು. ಮದುವೆಯಾದ ಮೇಲೆ ಗಂಡನ ಮಾತನ್ನು ಅವರು ಮೀರಿದ್ದು ಅದೇ ಮೊದಲು. ಬಡಿಗೆಯ ಸದ್ದು ಮಧ್ಯಾಹ್ನದವರೆಗೂ ಕೇಳುತ್ತಿತ್ತು. ಆಮೇಲೆ ನಿಂತಿತು. ಊಟಕ್ಕೆ ಎಬ್ಬಿಸಲು ಹೋದಾಗ ಮಾವನ ಗಲ್ಲದ ಮೇಲೆ ಕಣ್ಣೀರು ಒಣಗಿ ಗೆರೆಯಾಗಿತ್ತು. ಕಲ್ಲಿಗಾಗಿ ಅಳುವ ಗಂಡಸನ್ನು ನಾನು ಅದುವರೆಗೂ ಕಂಡಿರಲಿಲ್ಲ. ಎಂಥ ಗರ್ವವಪ್ಪಾ ಎಂದುಕೊಂಡು ಒಳಗೆ ಹೋದೆ.

ಫರಸಿಯ ಕೆಳಗೆ ಗಟ್ಟಿ ಮೊರಂ ಗರಸು ಸಿಕ್ಕಿತು. ಬಾಳೆ ಬೇರು ಬಿಡಲಿಕ್ಕಿಲ್ಲ ಎಂದು ಅದನ್ನೂ ಅಗೆದು ತೆಗೆಸಿದೆವು. ಅದರ ಕೆಳಗೆ ಎರೆ. ಕಪ್ಪಗೆ, ಒಣಗಿ, ಕಲ್ಲಿನಷ್ಟು ಗಟ್ಟಿಯಾಗಿ. ಅತ್ತೆ ಒಂದು ಹೆಂಟೆ ಎತ್ತಿ ಪುಡಿ ಮಾಡಿ ಮೂಸಿ ನೋಡಿದರು. "ನೀರ ಬಿಟ್ರ ಇದೂ ಮೆತ್ತಗಾಗ್ತದ ಬಿಡು" ಎಂದರು. ಬಚ್ಚಲಿನ ಗಟಾರವನ್ನು ಒಡೆದು ನೀರನ್ನು ಈ ಮಡಿಗೆ ತಿರುಗಿಸಿದ್ದೂ ಅವರದೇ ಯೋಚನೆ.

ಆಗ ನಾನು ಕಮಲಾಪುರದ ಶಾಲೆಯಲ್ಲಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಜೂನಿನ ಮಿರಗದ ಮಳೆ ಬಿದ್ದ ವಾರ ಶಾಲೆ ಬಿಟ್ಟ ಮೇಲೆ ಅತ್ತೆಯ ತಮ್ಮ ಮಲ್ಲಣ್ಣ ಮಾವನ ಮನೆಗೆ ಹೋದೆ. ಕಲಬುರಗಿಯಿಂದ ಹೊರಟಾಗ ಎರಡೂ ಕಡೆ ಕಪ್ಪು ಹೊಲ. ಕಮಲಾಪುರ ಹತ್ತಿರ ಬಂದಂತೆ ಮಣ್ಣು ಕೆಂಪಾಗುತ್ತದೆ, ಅದನ್ನು ನಾವು ಮಸಾರಿ ಎನ್ನುತ್ತೇವೆ. ಎಷ್ಟು ನೀರು ಕುಡಿದರೂ ಉಬ್ಬುವ ಜಾತಿಯದಲ್ಲ. ಮಲ್ಲಣ್ಣ ಮಾವನ ಬಚ್ಚಲ ಗೋಡೆಗೆ ತಾಗಿಕೊಂಡೇ ಬಾಳೆಯ ಹಿಂಡು ಇತ್ತು. ಅವರ ಅಜ್ಜನ ಕಾಲದಿಂದ ಅಲ್ಲಿಯೇ ಇದೆ, ಗೋಡೆಗೆ ಒಂದು ಗೀರೂ ಇಲ್ಲ. ನನ್ನ ಕಣ್ಣಾರೆ ನೋಡಿದ್ದು.

ಮಲ್ಲಣ್ಣ ಮಾವ ದಿಂಡು ಕೆಂಪಗಿದ್ದ ನಾಲ್ಕು ಕಂದುಗಳನ್ನು ಕಿತ್ತು ಗೋಣಿಯಲ್ಲಿ ಸುತ್ತಿಕೊಟ್ಟರು. "ನಮ್ಮಕ್ಕಗ ಹೇಳು, ಇವು ಜೀವ ಹಿಡಿಯೂತನಕ ನಾನೇ ಬಂದು ನೋಡ್ತೀನಿ" ಎಂದರು. ಅಕ್ಕನ ಮನೆಯ ಪ್ರವೇಶದ ಊಟದಲ್ಲಿ ಅಪ್ಪನ ಪಕ್ಕಕ್ಕೆ ಕೂತಿದ್ದ ಹುಡುಗ ಇವರೇ. ಅಂದಿನಿಂದ ಆ ಮನೆಯಲ್ಲಿ ನೀರೂ ಮುಟ್ಟಿರಲಿಲ್ಲ.

ಬಸ್ಸಿನಲ್ಲಿ ಕಂದುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಂಡಕ್ಟರ್ ದಿನಾ ನೋಡುವವ, ಸುಮ್ಮನೆ ಬಿಟ್ಟಾನೆಯೇ? "ಏನ್ರಿ ಟೀಚರ್, ಹುಡುಗೂರ ಸಾಕಾಗಿ ಬಾಳಿಗಿ ಪಾಠ ಹೇಳಲಾಕ ಹೊಂಟೀರೇನು?" ಎಂದ. ಹಿಂದಿನ ಸೀಟಿನ ಮುದುಕಿ, "ಕೆಂಪ ಬಾಳಿ ಏನವ್ವಾ? ಬಸರಿಗಿ ಛಲೋ" ಎಂದಳು. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ಅತ್ತೆ ಗೇಟಿನಲ್ಲೇ ಕಾಯುತ್ತಿದ್ದರು. ಕಂದುಗಳನ್ನು ಇಸಿದುಕೊಂಡು ಕೂಸಿನ ಹಾಗೆ ಎದೆಗೆ ಹಿಡಿದರು. ಅಂದು ಅವರು ಮಣ್ಣಿನಲ್ಲಿ ಕೂತು ಕೈಯಿಂದಲೇ ಗುಣಿ ತೋಡಿದ್ದು, ಮೊಣಕೈವರೆಗೆ ಕೆಸರಾಗಿದ್ದು, ಎದ್ದು ಬೆನ್ನು ನೆಟ್ಟಗೆ ಮಾಡಿ ಮನೆಯ ಕಡೆ ತಿರುಗಿ ನಕ್ಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಐವತ್ತು ದಾಟಿದ ಹೆಂಗಸು ಹದಿನಾರರ ಹುಡುಗಿಯಂತೆ ಕಂಡರು. ಮಾವ ಮುಖ ತಿರುಗಿಸಿ ಗೋಡೆ ನೋಡುತ್ತ ಕೂತರು.

ಆ ವರ್ಷ ಮಳೆಗೆ ಕೊರತೆಯಾಗಲಿಲ್ಲ. ಮಿರಗ ಹೋಯಿತು, ಆರಿದ್ರೆ ಬಂತು. ಬಾಳೆ ಒಂದೊಂದೇ ಎಲೆ ಬಿಚ್ಚಿ ವರಾಂಡದ ಗಿಡ್ಡ ಗೋಡೆಯ ಮೇಲೆ ಇಣುಕಿತು. ಮನೆಯ ಮುಂದೆ ಹೋಗುವವರು ನಿಂತು ನೋಡಿ, "ಮನಿಗಿ ಜೀವ ಬಂತು ನೋಡ್ರಿ" ಎನ್ನುತ್ತಿದ್ದರು. ಮೊರಂ ತೆಗೆದ ಮಡಿ ಅಂಗಳಕ್ಕಿಂತ ತಗ್ಗಿತ್ತು. ಮಾಳಿಗೆಯ ನೀರು, ಬಚ್ಚಲ ನೀರು ಎರಡೂ ಅಲ್ಲಿಯೇ ನಿಲ್ಲುತ್ತಿದ್ದವು. ಬಾಳೆಗೆ ಎಷ್ಟು ನೀರಾದರೂ ಬೇಕು ಎಂದು ನಮಗೆ ಸಂತೋಷ.

ಶ್ರಾವಣದಲ್ಲಿ ಮೊದಲು ಕಿಟಕಿಯೊಂದು ಮುಚ್ಚಲು ಬರದಾಯಿತು. ಮಳೆಗಾಲ, ಕಟ್ಟಿಗೆ ಉಬ್ಬಿರಬೇಕು ಎಂದುಕೊಂಡೆವು. ಆಮೇಲೆ ಬಣ್ಣದ ಗಾಜು ತಾನಾಗಿಯೇ ಬಿರಿಯಿತು. ಹುಡುಗರು ಕಲ್ಲು ಒಗೆದಿರಬೇಕು ಎಂದುಕೊಂಡೆವು. ಒಂದು ಬೆಳಿಗ್ಗೆ ದಿವಾನಖಾನೆಯ ಮೂಲೆಯಲ್ಲಿ ಕೂದಲೆಳೆಯಂಥ ಗೀರು ಕಂಡಿತು. ವಾರ ಬಿಟ್ಟು ನೋಡಿದರೆ ಅದರಲ್ಲಿ ಬೆರಳು ಹೋಗುತ್ತಿತ್ತು. ಇನ್ನೊಂದು ವಾರಕ್ಕೆ ಅದರ ಮೂಲಕ ಹೊರಗಿನ ಬೆಳಕು ಕಂಡಿತು. ಮೂವತ್ತು ವರ್ಷ ಒಂದು ಗೀರೂ ಇಲ್ಲದೆ ನಿಂತ ಕಲ್ಲಿನ ಗೋಡೆ! ನಾನು ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಆ ಬೆಳಕನ್ನು ನೋಡುತ್ತ ಬೆಪ್ಪಾಗಿ ನಿಂತೆ. ನಮ್ಮವರು ಬಂದು ಬಿರುಕಿಗೆ ಕೈ ಇಟ್ಟು ನೋಡಿದರು. ಕರೆಂಟು ಹೊಡೆದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

ಹಸ್ತ ಮಳೆ ಹಿಡಿದ ದಿನ ರವಿವಾರ. ಬೆಳಿಗ್ಗೆ ಮಾವನನ್ನು ವರಾಂಡಕ್ಕೆ ಕರೆದೊಯ್ಯಲು ಹೋದರೆ ಬಾಗಿಲು ತೆರೆಯಲೇ ಇಲ್ಲ. ನಮ್ಮವರು ಭುಜ ಕೊಟ್ಟು ನೂಕಿದರು, ಚೌಕಟ್ಟೇ ಓರೆಯಾಗಿ ಬಾಗಿಲನ್ನು ಕಚ್ಚಿಕೊಂಡಿತ್ತು. ಸರಿ, ಇವತ್ತು ಒಳಗೇ ಇರಲಿ ಎಂದು ಬಿಟ್ಟೆವು. ನಾವು ರೊಟ್ಟಿಗೆ ಕೂತ ಹೊತ್ತಿಗೆ ಒಣ ಮರ ಸೀಳಿದಂತೆ ಒಂದು ಸದ್ದಾಯಿತು. ಅದರ ಹಿಂದೆಯೇ ನೆಲ ನಡುಗುವ ಹಾಗೆ ಇನ್ನೊಂದು. ಹಿಂದಿನ ಬಾಗಿಲಿನಿಂದ ಓಡಿ ಸುತ್ತು ಹಾಕಿ ಮುಂದೆ ಬಂದು ನೋಡಿದರೆ, ವರಾಂಡದ ಮೇಲಿನ ಛಜ್ಜಾ ಮುರಿದು ಬಿದ್ದಿತ್ತು. ಮಾವನ ಖಾಲಿ ಕುರ್ಚಿ ಅದರ ಕೆಳಗೆ ಪುಡಿಯಾಗಿತ್ತು. ಅರ್ಧ ಭಾಗ ಬಾಳೆಯ ಮೇಲೆ ಬಿದ್ದು ಎಲೆಗಳು ಹರಿದು ಚಿಂದಿಯಾಗಿದ್ದವು.

ದಿನಾ ಆ ಹೊತ್ತಿಗೆ ಮಾವ ಅದೇ ಕುರ್ಚಿಯಲ್ಲಿರುತ್ತಿದ್ದರು. ಮನೆ ಓರೆಯಾದದ್ದರಿಂದ ಬಾಗಿಲು ಸಿಕ್ಕಿಬಿತ್ತು, ಬಾಗಿಲು ಸಿಕ್ಕಿಬಿದ್ದದ್ದರಿಂದ ಜೀವ ಉಳಿಯಿತು. ಅತ್ತೆ ಮಳೆಯಲ್ಲಿ ನಿಂತು, "ಎವ್ವಾ… ಎವ್ವಾ…" ಎನ್ನುತ್ತಿದ್ದರು. ನಾನು ಅವರ ಕೈ ಹಿಡಿದೆ.

ಮರುದಿನ ನಮ್ಮವರ ಗೆಳೆಯ ವೀರೇಶ ಬಂದರು. ಇಂಜಿನಿಯರ್. ಬುನಾದಿಯ ಹತ್ತಿರ ಒಂದು ತಗ್ಗು ತೋಡಿಸಿ, ಅಂಟು ಅಂಟಾದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನಮ್ಮ ಮುಂದೆ ಹಿಡಿದರು.

"ರಾಜು, ಎರಿ ಭೂಮಿ ಅದಲ್ಲೋ ಇದು! ಬ್ಯಾಸಗ್ಯಾಗ ಬಾಯಿ ಬಿಡ್ತದ, ನೀರ ಕುಡದ್ರ ಉಬ್ಬತದ. ಹೊಲದಾಗ ಉಬ್ಬಿದ್ರ ಜ್ವಾಳ ಬೆಳೀತದ, ಬುನಾದಿ ಬುಡಕ ಉಬ್ಬಿದ್ರ ಮನಿನೇ ಎತ್ತಿ ಒಗೀತದ."

ನಾವು ಮುಖ ಮುಖ ನೋಡಿಕೊಂಡೆವು. ಎರೆಯ ಗುಣ ನಮಗೇನು ಹೊಸದೇ? ಹೊಲ ಇದ್ದವರೇ ಎಲ್ಲ. ಬೇಸಿಗೆಯಲ್ಲಿ ಬಿರುಕಿನಲ್ಲಿ ಕಾಲು ಸಿಕ್ಕದಂತೆ ನೋಡಿ ನಡೆದವರೇ. ಆ ಎರೆ ಹೊಲದಲ್ಲಿದೆ ಎಂದು ಗೊತ್ತಿತ್ತು, ನಮ್ಮ ಮಂಚದ ಕೆಳಗೂ ಅದೇ ಇದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಅತ್ತೆಯಂತೂ ಮಸಾರಿ ನೆಲದಲ್ಲಿ ಹುಟ್ಟಿ ಬೆಳೆದವರು. ಗೋಡೆಗೆ ಬಾಳೆ ಹಚ್ಚಿದರೆ ಮನೆ ಬೀಳುತ್ತದೆ ಎಂದರೆ ಕಮಲಾಪುರದಲ್ಲಿ ನಕ್ಕು ಬಿಟ್ಟಾರು.

ವೀರೇಶ ಇನ್ನೂ ಕಿತ್ತಿರದ ಹಿಂಬದಿಯ ಫರಸಿಯ ಮೇಲೆ ಒಂದು ತಂಬಿಗೆ ನೀರು ಸುರಿದರು. ನೀರು ಗೋಡೆಯ ಕಡೆ ಒಂದು ಹನಿಯೂ ಹೋಗದೆ ಹೊರಕ್ಕೆ ಹರಿಯಿತು. "ನೋಡು, ಎಂಥಾ ಇಳಕಲು ಕೊಟ್ಟಾರ! ಬುಡಕ ಮೊರಂ, ಮ್ಯಾಲ ಫರಸಿ, ಸಂದಿಗಿ ಗಾರಿ. ಮನಿಗಿ ಛತ್ರಿ ಹಿಡದಂಗ ಮಾಡ್ಯಾರ. ಇದನ್ನ ಹಾಕ್ಸಿದವರು ಭಾರಿ ಶಾಣ್ಯಾರು" ಎಂದರು. ನಾವು ಮನೆಯ ಚೆಂದವೆಂದು ಉಳಿಸಿದ್ದು ಬಾಗು ಗೆರೆಗಳನ್ನು. ಅದರ ಜೀವ ಇದ್ದದ್ದು ಆ ಒಣ ಅಂಗಳದಲ್ಲಿ. ಬಡಿಗೆಯಿಂದ ಮಾವ ಗೋಡೆಯ ಬುಡಕ್ಕೆ ಯಾಕೆ ಬಡಿದರು ಎಂಬುದು ನನಗೆ ಆಗ ಹೊಳೆಯಿತು. ನಾಚಿಕೆಗಿಂತ ಮೊದಲು ನನಗೆ ಬಂದದ್ದು ಭಯ. ಒಂದು ಮನೆಯಲ್ಲಿ ಇಷ್ಟು ಜನ, ಇಷ್ಟು ವರ್ಷ, ಒಂದೇ ಒಂದು ಮಾತನ್ನು ಹೇಳದೆ ಕೇಳದೆ ಬದುಕಬಹುದೇ?

ಅತ್ತೆ ಬಾಗಿಲಿಗೆ ಒರಗಿ ಎಲ್ಲ ಕೇಳುತ್ತಿದ್ದರು. ಬಾಳೆ ಕೀಳಬೇಕೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. "ತೆಗೀರಿ. ಇವತ್ತೇ ತೆಗೀರಿ" ಎಂದರು. ವೀರೇಶನಿಗೆ ಕನಿಕರವಾಗಿರಬೇಕು. ಗೇಟಿನ ಪಕ್ಕದ ಮೂಲೆಗೆ ಕೈ ತೋರಿಸಿದರು. ಅಲ್ಲಿ ಎರಡು ಮಂಚ ಹಿಡಿಸುವಷ್ಟು ಜಾಗಕ್ಕೆ ಫರಸಿ ಇರಲಿಲ್ಲ. ನಾವು ಅಲ್ಲಿ ಒಡೆದ ಹಂಚು, ಮುರಿದ ಕುರ್ಚಿ ಒಗೆಯುತ್ತ ಬಂದಿದ್ದೆವು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅವ್ವಾರ. ಅಲ್ಲಿ ಹಚ್ಚರಿ, ಏನೂ ಆಗಲ್ಲ. ನೆಲ ರಸ್ತಾದ ಕಡಿ ಇಳದದ, ಗ್ವಾಡಿ ದೂರ ಅದ. ಗಿಡದ ಸಲುವಾಗೇ ಬಿಟ್ಟಂಗ ಕಾಣ್ತದ. ನೋಡ್ರಿ, ಸುತ್ತಲೂ ಕಲ್ಲಿನ ಅಂಚು ಸೈತ ಕಟ್ಟ್ಯಾರ."

ಅತ್ತೆ ನಿಧಾನ ನಡೆದು ಆ ಮೂಲೆಗೆ ಹೋದರು. ಹಂಚಿನ ಚೂರುಗಳನ್ನು ಕಾಲಿನಿಂದ ಸರಿಸಿದರು. ಕೆಳಗೆ ನೆಟ್ಟಗೆ ಕೂರಿಸಿದ ಕಲ್ಲಿನ ಅಂಚು ಕಂಡಿತು. ಬಗ್ಗಿ ಅದರ ಉದ್ದಕ್ಕೂ ಬೆರಳಾಡಿಸಿದರು. ನಾನು ಹತ್ತಿರ ಹೋದರೆ ಅವರ ಮುಖದಲ್ಲಿ ರಕ್ತವಿರಲಿಲ್ಲ. ಮನೆ ಬಿರಿದಾಗಲೂ ಅವರು ಹಾಗೆ ಕಂಡಿರಲಿಲ್ಲ.

ಸಂಜೆ ಮಾವನಿಗೆ ನುಚ್ಚು ಮಜ್ಜಿಗೆ ತಿನಿಸುವ ಹೊತ್ತು. ಅತ್ತೆ ಎಂದಿನಂತೆ ಸ್ಟೂಲಿನ ಮೇಲೆ ಕೂತು ಎರಡು ಚಮಚ ತಿನಿಸಿದರು. ಮೂರನೆಯದನ್ನು ಬಟ್ಟಲಿನಲ್ಲೇ ಬಿಟ್ಟರು.

"ರೀ, ಗೇಟಿನ ಮೂಲಿ ಬೇಕಂತನೇ ಬಿಟ್ಟಿದ್ರೇನು?"

ಮಾವ ತಲೆ ಎತ್ತಿ ನೋಡಿ, ಹೌದೆಂದು ಆಡಿಸಿದರು.

"ಗಿಡಕ್ಕ?"

ಹೌದು.

"ನನ್ನ ಸಲುವಾಗಿ?"

ಮಾವನ ಕಣ್ಣು ತುಂಬಿದವು. ಹೌದೆಂದು ತಲೆ ಆಡಿಸಿದರು.

ನಾನು ಬಾಗಿಲ ಹತ್ತಿರ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಬೀಗರ ಮುಂದೆ ಕಂದು ಕಿತ್ತು ಒಗೆದ ಮನುಷ್ಯ, ಅದೇ ಕೈಯಿಂದ ಹೆಂಡತಿಗೆಂದು ಒಂದು ಮಡಿ ಕಟ್ಟಿಸಿದ್ದರು. ಹೇಳಲು ಗರ್ವ ಬಿಡಲಿಲ್ಲ. ಅವಳೇ ಕೇಳಲಿ ಎಂದು ಇವರು, ಇನ್ನು ಈ ಜನ್ಮದಲ್ಲಿ ಕೇಳಲಾರೆ ಎಂದು ಅವರು. ಹೀಗೇ ಮೂವತ್ತು ವರ್ಷ ಕಳೆದುಹೋಗಿತ್ತು. ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು, ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನ್ನುವಂಥ ಸಿಟ್ಟು.

"ಮತ್ತ ಹೇಳ್ಲಿಲ್ಲ ಯಾಕ?" ಎಂದರು ಅತ್ತೆ. ಹೌದು, ಅಲ್ಲ ಎಂದು ತಲೆ ಆಡಿಸಿ ಹೇಳುವ ಮಾತಲ್ಲ ಅದು. ಅತ್ತೆ ಸೆರಗಿನಿಂದ ಮಾವನ ಬಾಯಿ ಒರೆಸಿದರು.

"ಇಷ್ಟು ವರ್ಷ ನಾ ನಿಮಗ ಮನಸಿನ್ಯಾಗ ಬೈತಿದ್ದೆ. ದಿನಾ ಬೈತಿದ್ದೆ. ಅದೂ ಗೊತ್ತಿತ್ತೇನು?"

ಹೌದೆಂದು ಮಾವ ತಲೆ ಆಡಿಸಿದರು.

ಅತ್ತೆ ಅಳುತ್ತಾರೆ ಎಂದು ನಾನು ಮುಂದೆ ಹೋದೆ. ಅವರು ಬಟ್ಟಲನ್ನು ಸದ್ದಾಗುವಂತೆ ಕೆಳಗಿಟ್ಟರು. "ಹಂಗಾರ ಇನ್ನ ಬಾಯಿ ಬಿಟ್ಟೇ ಬೈತೀನಿ, ಕೇಳ್ರಿ" ಎಂದು ಶುರು ಮಾಡಿದರು.

ಶುರು ಮಾಡಿದವರು ನಿಲ್ಲಿಸಲಿಲ್ಲ. ಹೋಳಿಗೆಯ ತಾಟಿನಿಂದ ಎದ್ದ ಅಪ್ಪನಿಂದ ಹಿಡಿದು ಇಡಗೊಡದ ಮಲ್ಲಿಗೆಯ ಕುಂಡದವರೆಗೆ ಒಂದೊಂದನ್ನೂ ತೆಗೆದು ಬೈದರು. ಗೌಂಡಿಗಳು ಬಂದು ಮಡಿ ಮುಚ್ಚಿ, ಮೊರಂ ತುಂಬಿ, ಅದೇ ಕಲ್ಲುಗಳನ್ನು ಅದೇ ಇಳಕಲಿಗೆ ಹಾಸಿ, ಗೋಡೆಯ ಬಿರುಕಿಗೆ ಕಬ್ಬಿಣ ಕಟ್ಟುತ್ತಿದ್ದರೆ ಅತ್ತೆಯ ಬೈಗುಳ ಅದೆಲ್ಲ ಸದ್ದನ್ನೂ ಮೀರಿ ಕೇಳುತ್ತಿತ್ತು. ಮಲ್ಲಣ್ಣ ಮಾವ ಹೊಸ ಕಂದು ತಂದರು, ನಮ್ಮ ಮನೆಯಲ್ಲಿ ಮೊದಲ ಸಲ ಚಹಾ ಕುಡಿದರು. ಅತ್ತೆ ಆ ಕಂದನ್ನು ಗೇಟಿನ ಮೂಲೆಗೆ ಹಚ್ಚಿ, ಮಾವನ ಹೊಸ ಕುರ್ಚಿಯನ್ನು ಅದು ಕಾಣುವಂತೆ ಇಡಿಸಿದರು. ಕೊಡ ಬಗ್ಗಿಸಿ ನೀರು ಹಾಕುತ್ತ ಅಲ್ಲಿಂದಲೇ ಕೂಗಿ ಬೈಯುತ್ತಿದ್ದರು. "ಅವ್ವಾ, ಮಂದಿ ಕೇಳ್ತಾರ" ಎಂದು ನಮ್ಮವರು ಒದ್ದಾಡಿದರೆ, "ಕೇಳ್ಲಿ ಬಿಡು. ಇಷ್ಟು ವರ್ಷ ಯಾರು ಕೇಳ್ಯಾರ?" ಎನ್ನುತ್ತಿದ್ದರು. ಮಾವ ಒಂದು ಮಾತೂ ತಪ್ಪಿಸಿಕೊಳ್ಳದಂತೆ ಕಿವಿಗೊಟ್ಟು ಕೂತಿರುತ್ತಿದ್ದರು. ಅತ್ತೆ ದಣಿದು ಸುಮ್ಮನಾದರೆ ಬಡಿಗೆಯಿಂದ ನೆಲ ತಟ್ಟಿ ಕರೆಯುತ್ತಿದ್ದರು.

ಮುಂದಿನ ಯುಗಾದಿಯ ಮೊದಲೇ ಮಾವ ಹೋದರು. ಬೆಳಿಗ್ಗೆ ಚಹಾ ಕೊಡಲು ಹೋದಾಗ ಉಸಿರಿರಲಿಲ್ಲ. ನಮ್ಮಲ್ಲಿಯ ಪದ್ಧತಿಯಂತೆ ವಿಭೂತಿ ಹಚ್ಚಿ, ಹೂವು ಹಾಕಿ, ದಿವಾನಖಾನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸರೆಲ್ಲ ಅಳುತ್ತಿದ್ದರು. ಅತ್ತೆ ಅಳಲಿಲ್ಲ. ಮಾವನ ಎದುರಿಗೆ ಕೂತು, ಜಾರಿದ ಶಾಲನ್ನು ಹೆಗಲಿಗೆ ಎಳೆದು ಸರಿ ಮಾಡಿದರು. ಆಮೇಲೆ ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಇಷ್ಟು ಲಗೂನ ಎದ್ದು ಹೊಂಟ್ರೇನು? ನಂದಿನ್ನೂ ಮುಗದಿಲ್ಲ."